ಅಡಕ ಕಾರ್ಯವಾರ ಮತ್ತು ಮಗುವಿನ ದಿನ

ಪೀಠಿಕೆ

ದುಡಿಮೆಯ ಒಟ್ಟು ಗಂಟೆಗಳನ್ನು ಇಳಿಸದೆ, ಅವುಗಳನ್ನು ಕಡಿಮೆ ದಿನಗಳಲ್ಲಿ ಪೂರೈಸುವ ಏರ್ಪಾಡನ್ನು ಅಡಕ ಕಾರ್ಯವಾರ ಎಂದು ಕರೆಯಬಹುದು. ಆರು ದಿನಗಳ ಕೆಲಸವನ್ನು ಐದು ದಿನಗಳಲ್ಲಿ, ಇಲ್ಲವೇ ನಾಲ್ಕು ದಿನಗಳಲ್ಲಿ ಮುಗಿಸಿ, ಉಳಿದ ದಿನಗಳನ್ನು ಬಿಡುವಾಗಿ ಪಡೆಯುವುದೇ ಇದರ ತಿರುಳು. ಕೆಲಸದ ಗಂಟೆಗಳನ್ನೇ ಕಡಿಮೆ ಮಾಡುವ ಕ್ರಮ ಬೇರೆ, ಇದು ಬೇರೆ. ಅಡಕ ವಾರದಲ್ಲಿ ದುಡಿಮೆಯ ಭಾರ ಇಳಿಯುವುದಿಲ್ಲ. ಅದನ್ನು ಹೊರುವ ದಿನಗಳ ಸಂಖ್ಯೆ ಮಾತ್ರ ಇಳಿಯುತ್ತದೆ.

ಎಳೆಯ ಮಕ್ಕಳಿರುವ ತಾಯಿತಂದೆಗಳಿಗೆ ಈ ಏರ್ಪಾಡು ಮೊದಲ ನೋಟಕ್ಕೆ ವರದಾನವೆಂದೇ ತೋರುತ್ತದೆ. ವಾರದಲ್ಲಿ ಒಂದೆರಡು ದಿನ ಇಡಿಯಾಗಿ ಮಗುವಿನೊಂದಿಗೆ ಕಳೆಯಬಹುದೆಂಬ ಆಸೆ ಸಹಜವಾದುದು. ಆದರೆ ಆ ದಿನಗಳ ಬೆಲೆಯನ್ನು ಉಳಿದ ದಿನಗಳ ಬೆಳಗು ಸಂಜೆಗಳು ತೆರುತ್ತವೆ. ಆ ಬೆಲೆ ಎಷ್ಟು, ಅದನ್ನು ತೆರುವವರು ಯಾರು ಎಂಬುದನ್ನು ಒಪ್ಪಿಗೆ ನೀಡುವುದಕ್ಕೆ ಮೊದಲೇ ಲೆಕ್ಕ ಹಾಕಿ ತಿಳಿಯುವುದು ಹೇಗೆಂಬುದು ಈ ಪಾಠದ ವಿಷಯ.

ಕಾನೂನು ದಿನವನ್ನೂ ಎಣಿಸಿದ್ದೇಕೆ?

ದುಡಿಮೆಯ ಅವಧಿಗೆ ಮಿತಿ ಬಂದದ್ದು ದೀರ್ಘ ಹೋರಾಟದ ಫಲವಾಗಿ. ಮುಂಬಯಿಯ ಗಿರಣಿಗಳಲ್ಲಿ ವಾರದ ರಜೆಯೂ ಇಲ್ಲದಿದ್ದ ಕಾಲದಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಅವರು ಕಾರ್ಮಿಕರನ್ನು ಒಗ್ಗೂಡಿಸಿದರು. 1890ರಲ್ಲಿ ಅಲ್ಲಿನ ಗಿರಣಿ ಮಾಲೀಕರು ಭಾನುವಾರದ ಬಿಡುವನ್ನು ಒಪ್ಪಿಕೊಂಡರು. 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು ತನ್ನ ಮೊಟ್ಟಮೊದಲ ಒಡಂಬಡಿಕೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಸೂತ್ರವನ್ನು ಅಂಗೀಕರಿಸಿತು. ನಮ್ಮ ದೇಶದ ಕಾರ್ಖಾನೆಗಳಲ್ಲಿ ವಾರದ ಮಿತಿ 1922ರಲ್ಲಿ 60 ಗಂಟೆ, 1934ರಲ್ಲಿ 54 ಗಂಟೆ, 1946ರಲ್ಲಿ 48 ಗಂಟೆ ಎಂದು ಹಂತಹಂತವಾಗಿ ಇಳಿಯಿತು.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. 1948ರ ಕಾರ್ಖಾನೆಗಳ ಅಧಿನಿಯಮವು ವಾರಕ್ಕೆ 48 ಗಂಟೆ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು, ಸತತ 5 ಗಂಟೆಯ ಕೆಲಸವಾದ ಮೇಲೆ ಅರ್ಧ ಗಂಟೆಯಾದರೂ ವಿರಾಮವಿರಬೇಕು, ವಿರಾಮವೂ ಸೇರಿ ದಿನದ ಕೆಲಸ ಹತ್ತೂವರೆ ಗಂಟೆಯ ಹರವನ್ನು ಮೀರಬಾರದು ಎಂದೂ ವಿಧಿಸಿತು. ವಾರದ ಮಿತಿಯಿರುವಾಗ ದಿನದ ಮಿತಿ ಏಕೆ ಬೇಕಾಯಿತು? ದಣಿವು ದಿನದಿನವೂ ಬರುವಂಥದು. ಗುರುವಾರದ ದಣಿವನ್ನು ಭಾನುವಾರದವರೆಗೆ ಮುಂದೂಡಲಾಗದು. ಮಗುವಿನ ಹಸಿವು, ನಿದ್ರೆ, ಅಳು, ಆಟಗಳೂ ದಿನದಿನದವೇ. ವಾರವೆಂಬುದು ಹಿರಿಯರು ಮಾಡಿಕೊಂಡ ಗಣನೆ. ಎರಡು ವರ್ಷದ ಮಗುವಿಗೆ ಇರುವುದು ಇಂದು ಮಾತ್ರ.

1985ರ ಅನುಭವ

ಅಡಕ ವಾರ ನಮ್ಮ ದೇಶಕ್ಕೆ ತೀರ ಹೊಸದೇನಲ್ಲ. 1985ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರದ ಆಡಳಿತ ಕಚೇರಿಗಳಲ್ಲಿ ಐದು ದಿನಗಳ ವಾರ ಜಾರಿಗೆ ಬಂದಿತು. ದಿನದ ಅವಧಿಯನ್ನು ಹೆಚ್ಚಿಸಿ ಶನಿವಾರವನ್ನು ಬಿಡುವು ಮಾಡಲಾಯಿತು. ಅರ್ಧ ಗಂಟೆಯ ಊಟದ ವಿರಾಮ ಸೇರಿ ದಿನಕ್ಕೆ ಎಂಟೂವರೆ ಗಂಟೆ, ವಾರಕ್ಕೆ 40 ಗಂಟೆಯ ಕೆಲಸ ಎಂಬುದು ಅಂದಿನ ಏರ್ಪಾಡು. ಮಹಾರಾಷ್ಟ್ರ ಸರ್ಕಾರವು ತನ್ನ ಕಚೇರಿಗಳಲ್ಲಿ 2020ರ ಫೆಬ್ರವರಿ 29ರಿಂದ ಇದೇ ಹಾದಿಯನ್ನು ಹಿಡಿದು, ದಿನದ ಕೆಲಸವನ್ನು 45 ನಿಮಿಷದಷ್ಟು ಹೆಚ್ಚಿಸಿತು.

ಈ ಸಾಲುಗಳನ್ನು ಬರೆಯುತ್ತಿರುವವಳು 1985ರಲ್ಲಿ ದೆಹಲಿಯಲ್ಲಿ ಐದು ವರ್ಷದ ಮಗು. ತಾಯಿ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರು. ಶನಿವಾರದ ಬೆಳಗು ಹಬ್ಬದಂತಿರುತ್ತಿತ್ತು. ಅಂದು ತಲೆಗೆ ಎಣ್ಣೆ, ಬಿಸಿ ದೋಸೆ, ಮಧ್ಯಾಹ್ನ ಅಮ್ಮನ ಪಕ್ಕದಲ್ಲಿ ನಿದ್ರೆ. ಆದರೆ ಉಳಿದ ಐದು ದಿನ ಅವರು ಮನೆಗೆ ಬರುವುದು ತಡವಾಗತೊಡಗಿತು. ಚಳಿಗಾಲದಲ್ಲಿ ದೆಹಲಿಗೆ ಐದೂವರೆಗೇ ಕತ್ತಲು ಇಳಿಯುತ್ತದೆ. ನೆರೆಮನೆಯ ಮೆಟ್ಟಿಲ ಮೇಲೆ ಕುಳಿತು ಬೀದಿದೀಪ ಹೊತ್ತಿಕೊಳ್ಳುವುದನ್ನು ನೋಡುತ್ತ, ಮಂಗಳವಾರದಂದೇ 'ನಾಳೆ ಶನಿವಾರವೇ?' ಎಂದು ಕೇಳುತ್ತಿದ್ದುದು ಇಂದಿಗೂ ನೆನಪಿದೆ. ತಾಯಿಗೆ ಆ ಶನಿವಾರ ನಿಜವಾಗಿಯೂ ಬೇಕಾಗಿತ್ತು. ಮಗುವಿಗೆ ಆ ಮಂಗಳವಾರವೂ ಬೇಕಾಗಿತ್ತು. ಎರಡೂ ನಿಜ. ಅಡಕ ವಾರದ ಚರ್ಚೆಯಲ್ಲಿ ಮೊದಲನೆಯದನ್ನು ನಾವು ಎಣಿಸುತ್ತೇವೆ. ಎರಡನೆಯದು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ.

ಇಂದಿನ ಸ್ಥಿತಿ

ಕಳೆದ ಕೆಲವು ವರ್ಷಗಳಲ್ಲಿ ದಿನದ ಮಿತಿಯನ್ನು ಸಡಿಲಿಸುವ ಕ್ರಮಗಳು ಒಂದರ ಹಿಂದೊಂದು ಬಂದಿವೆ. 2023ರಲ್ಲಿ ಕರ್ನಾಟಕವು ಕಾರ್ಖಾನೆಗಳ ಅಧಿನಿಯಮಕ್ಕೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯೊಳಗೆ, ಕಾರ್ಮಿಕರ ಲಿಖಿತ ಒಪ್ಪಿಗೆಯ ಮೇಲೆ, ದಿನಕ್ಕೆ 12 ಗಂಟೆಯವರೆಗಿನ ಕೆಲಸಕ್ಕೆ ದಾರಿ ಮಾಡಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ತಮಿಳುನಾಡು ವಿಧಾನಸಭೆ ಇಂತಹುದೇ ಮಸೂದೆಯನ್ನು ಅಂಗೀಕರಿಸಿತಾದರೂ, ಕಾರ್ಮಿಕ ಸಂಘಗಳ ತೀವ್ರ ವಿರೋಧದಿಂದಾಗಿ ಅದನ್ನು ಹಿಂತೆಗೆದುಕೊಳ್ಳುವುದಾಗಿ ಮುಖ್ಯಮಂತ್ರಿಗಳು ಮೇ 1ರಂದು ಪ್ರಕಟಿಸಿದರು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಇವುಗಳಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆಯು ದಿನಕ್ಕೆ 8 ಗಂಟೆಯ ಕೆಲಸವೆಂಬ ಸೂತ್ರವನ್ನು ಹೇಳಿ, ವಿರಾಮ ಹಾಗೂ ಹರವುಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಸಂಬಂಧಪಟ್ಟ ಸರ್ಕಾರಗಳಿಗೆ ಬಿಟ್ಟಿದೆ. ವಾರದ ಮಿತಿ 48 ಗಂಟೆಯಾಗಿಯೇ ಉಳಿದು, ವಿರಾಮವೂ ಸೇರಿ ದಿನಕ್ಕೆ 12 ಗಂಟೆಯಂತೆ ನಾಲ್ಕು ದಿನ ದುಡಿದು ಮೂರು ದಿನ ವೇತನಸಹಿತ ಬಿಡುವು ಪಡೆಯುವ ಏರ್ಪಾಡಿಗೆ ಅವಕಾಶವುಂಟೆಂದು ಕಾರ್ಮಿಕ ಸಚಿವಾಲಯವು 2025ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಅವಕಾಶವೆಂದರೆ ಕಡ್ಡಾಯವಲ್ಲ ಎಂಬುದನ್ನು ಓದುಗರು ನೆನಪಿಡಬೇಕು.

ಒಂದು ಕುಟುಂಬದ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಪುಣೆಯಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬವನ್ನು ಊಹಿಸಿಕೊಳ್ಳಿ. ತಾಯಿ ಕಾರ್ಖಾನೆಯ ಉದ್ಯೋಗಿ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಮಗುವಿಗೆ ಮೂರು ವರ್ಷ. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆಯ ನಿದ್ರೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರ ಮಾರ್ಗಸೂಚಿಯಲ್ಲಿ ಹೇಳಿದೆ. ಈ ಮಗು ರಾತ್ರಿ 9ಕ್ಕೆ ಮಲಗಿ ಬೆಳಿಗ್ಗೆ 7ಕ್ಕೆ ಏಳುತ್ತದೆ. ಮಧ್ಯಾಹ್ನ ಒಂದು ಗಂಟೆ ನಿದ್ರಿಸುತ್ತದೆ. ಅಂದರೆ ದಿನಕ್ಕೆ 13 ಗಂಟೆ ಅದು ಎಚ್ಚರವಾಗಿರುತ್ತದೆ. ಎಚ್ಚರವಿರುವ ಮಗುವಿಗೆ ತಾಯಿ ಎಷ್ಟು ಹೊತ್ತು ಸಿಗುತ್ತಾಳೆಂಬುದನ್ನು ಮೂರು ಬಗೆಯ ವಾರಗಳಲ್ಲಿ ನೋಡೋಣ. ಲೆಕ್ಕ ಸ್ಥೂಲವಾದುದು.

ಮೊದಲನೆಯದು, ಆರು ದಿನಗಳ ವಾರ. ವಿರಾಮ ಸೇರಿ ಎಂಟೂವರೆ ಗಂಟೆಯ ಕೆಲಸ, ಎರಡು ಗಂಟೆಯ ಪ್ರಯಾಣ. ತಾಯಿ ಬೆಳಿಗ್ಗೆ 8ಕ್ಕೆ ಹೊರಟು ಸಂಜೆ ಆರೂವರೆಗೆ ಮರಳುತ್ತಾಳೆ. ಕೆಲಸದ ದಿನ ಮಗುವಿಗೆ ಸಿಗುವುದು ಮೂರೂವರೆ ಗಂಟೆ. ಆರು ದಿನಕ್ಕೆ 21 ಗಂಟೆ. ಭಾನುವಾರದ 13 ಸೇರಿ ವಾರಕ್ಕೆ 34 ಗಂಟೆ.

ಎರಡನೆಯದು, ಐದು ದಿನಗಳ ವಾರ. ವಿರಾಮ ಸೇರಿ 10 ಗಂಟೆಯ ಕೆಲಸ. ತಾಯಿ ಏಳೂವರೆಗೆ ಹೊರಟು ರಾತ್ರಿ ಏಳೂವರೆಗೆ ಬರುತ್ತಾಳೆ. ಕೆಲಸದ ದಿನ ಮಗುವಿಗೆ ಎರಡು ಗಂಟೆ. ಐದು ದಿನಕ್ಕೆ 10. ಬಿಡುವಿನ ಎರಡು ದಿನಗಳ 26 ಸೇರಿ ವಾರಕ್ಕೆ 36 ಗಂಟೆ.

ಮೂರನೆಯದು, ನಾಲ್ಕು ದಿನಗಳ ವಾರ. ವಿರಾಮ ಸೇರಿ 12 ಗಂಟೆಯ ಕೆಲಸ. ತಾಯಿ ಬೆಳಿಗ್ಗೆ 7ಕ್ಕೆ ಹೊರಟು ರಾತ್ರಿ 9ಕ್ಕೆ ಬರುತ್ತಾಳೆ. ಮಗು ಏಳುವ ಹೊತ್ತಿಗೆ ತಾಯಿ ಹೊರಟಾಗಿದೆ. ತಾಯಿ ಬರುವ ಹೊತ್ತಿಗೆ ಮಗು ಮಲಗಿದೆ. ನಾಲ್ಕು ದಿನ ಸೊನ್ನೆ. ಬಿಡುವಿನ ಮೂರು ದಿನಗಳಿಂದ 39 ಗಂಟೆ. ವಾರಕ್ಕೆ ಒಟ್ಟು 39.

ಒಟ್ಟು ಮೊತ್ತವನ್ನು ಮಾತ್ರ ನೋಡಿದರೆ ನಾಲ್ಕು ದಿನಗಳ ವಾರವೇ ಮೇಲು. ಪ್ರಯಾಣದ ನಾಲ್ಕು ಗಂಟೆ ಉಳಿಯುತ್ತದೆ. ಮಗುವಿಗೆ ಐದು ಗಂಟೆ ಹೆಚ್ಚು ಸಿಗುತ್ತದೆ. ವೈದ್ಯರ ಭೇಟಿ, ಲಸಿಕೆ, ಬ್ಯಾಂಕಿನ ಕೆಲಸಗಳಿಗೆ ರಜೆ ಹಾಕಬೇಕಾಗಿಲ್ಲ. ಈ ಲಾಭಗಳು ಸಣ್ಣವಲ್ಲ. ಆದರೆ ಅದೇ ಲೆಕ್ಕದಲ್ಲಿ ನಾಲ್ಕು ಸೊನ್ನೆಗಳೂ ಇವೆ. ವಾರದ ಮೊತ್ತವು ಈ ಸೊನ್ನೆಗಳನ್ನು ಮರೆಮಾಡುತ್ತದೆ. ಆದ್ದರಿಂದ ಅಡಕ ವಾರವನ್ನು ತೂಗುವಾಗ ಎರಡು ಸಂಖ್ಯೆಗಳನ್ನು ಬರೆದುಕೊಳ್ಳಬೇಕು: ವಾರದ ಒಟ್ಟು ಗಂಟೆ ಒಂದು, ಕೆಲಸದ ದಿನದ ಗಂಟೆ ಇನ್ನೊಂದು. ಎರಡನೆಯ ಸಂಖ್ಯೆ ಸೊನ್ನೆಗೆ ಇಳಿಯದಂತೆ ನೋಡಿಕೊಳ್ಳುವುದು ಈ ಪಾಠದ ಮುಖ್ಯ ಸೂತ್ರ.

ಈ ಸೂತ್ರಕ್ಕೆ ಒಗ್ಗುವ ಮೃದುವಾದ ಏರ್ಪಾಡುಗಳೂ ಇವೆ. ವಾರಕ್ಕೆ 40 ಗಂಟೆ ದುಡಿಯುವವರು ಎರಡು ವಾರಗಳ 80 ಗಂಟೆಗಳನ್ನು ಹತ್ತರ ಬದಲು ಒಂಬತ್ತು ದಿನಗಳಿಗೆ ಹಂಚಿಕೊಂಡರೆ, ದಿನಕ್ಕೆ ಹೆಚ್ಚುವುದು ಸುಮಾರು 53 ನಿಮಿಷ. ಎರಡು ವಾರಕ್ಕೊಮ್ಮೆ ಒಂದು ದಿನ ಹೆಚ್ಚುವರಿ ಬಿಡುವು. ವಿದೇಶದ ಒಂದು ಉದಾಹರಣೆಯನ್ನೂ ಇಲ್ಲಿ ಹೇಳಬಹುದು. ಬೆಲ್ಜಿಯಂ ದೇಶವು 2022ರಲ್ಲಿ ಪೂರ್ಣಾವಧಿಯ ಕೆಲಸವನ್ನು ನಾಲ್ಕು ದಿನಗಳಲ್ಲಿ ಮುಗಿಸಲು ಅವಕಾಶ ನೀಡುವ ಕಾನೂನನ್ನು ತಂದಿತು. ಅಲ್ಲಿ ಕೋರಿಕೆ ಉದ್ಯೋಗಿಯಿಂದಲೇ ಲಿಖಿತವಾಗಿ ಬರಬೇಕು. ಅದು ಗರಿಷ್ಠ ಆರು ತಿಂಗಳಿಗೆ ಮಾತ್ರ ಅನ್ವಯಿಸಿ, ಬೇಕೆಂದರೆ ಮುಂದುವರಿಯುತ್ತದೆ. ಮಾಲೀಕರು ನಿರಾಕರಿಸಿದರೆ ಕಾರಣವನ್ನು ಬರೆದು ತಿಳಿಸಬೇಕು. ಮಗು ಬೆಳೆದಂತೆ ಅಗತ್ಯವೂ ಬದಲಾಗುವುದರಿಂದ ಆರು ತಿಂಗಳ ಮಿತಿಯ ವಿವೇಕ ಗಮನಾರ್ಹ.

ಸಂಜೆಯ ಹೊತ್ತು ಮತ್ತು ಮನೆಮಾತು

ಹೊರನಾಡಿನ ಕನ್ನಡಿಗರಿಗೆ ಈ ವಿಷಯದಲ್ಲಿ ಇನ್ನೊಂದು ಚಿಂತೆಯೂ ಉಂಟು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಬೆಳೆಯುವ ಮಗುವಿಗೆ ಹಗಲೆಲ್ಲ ಕಿವಿಗೆ ಬೀಳುವುದು ಮರಾಠಿ, ತಮಿಳು, ತೆಲುಗು ಇಲ್ಲವೇ ಹಿಂದಿ. ಇದು ಸಂತೋಷದ ವಿಷಯವೇ. ನಾಲ್ಕು ಮಾತು ಬಲ್ಲ ಮಗು ನಾಲ್ಕು ಮನೆಗೆ ಸಲ್ಲುತ್ತದೆ. ಆದರೆ ಕನ್ನಡವು ಅದಕ್ಕೆ ಸಿಗುವುದು ಮನೆಯವರ ಬಾಯಿಂದ ಮಾತ್ರ. ಅಜ್ಜಿ ತಾತ ಊರಿನಲ್ಲಿ ಉಳಿದ ಮನೆಗಳಲ್ಲಿ ಈ ಕೆಲಸ ತಾಯಿತಂದೆಗಳ ಪಾಲಿಗೇ ಬರುತ್ತದೆ. ಊಟದ ತುತ್ತಿನ ಜೊತೆ, ಹಾಸಿಗೆಯ ಬಳಿಯ ಕಥೆಯ ಜೊತೆ, ದಿನವೂ ಸ್ವಲ್ಪ ಸ್ವಲ್ಪವಾಗಿ ಮಾತು ಇಳಿಯುತ್ತದೆ. ಸಂಜೆಯ ಎರಡು ಗಂಟೆ ಇಲ್ಲವಾದಾಗ ಮಗುವಿನೊಡನೆ ಮನೆಮಾತೂ ಕಾಯಬೇಕಾಗುತ್ತದೆ. ತಾಯಿ ತಡವಾಗಿ ಬರುವ ದಿನಗಳಲ್ಲಿ ತಂದೆಯೇ ತುತ್ತು ತಿನ್ನಿಸಿ ಕಥೆ ಹೇಳುವುದು ಇದಕ್ಕೆ ತಕ್ಕ ಪರಿಹಾರ.

ಮನೆಗೆಲಸದ ಹಂಚಿಕೆ

ರಾಷ್ಟ್ರೀಯ ಅಂಕಿಅಂಶ ಕಚೇರಿಯು 2024ರಲ್ಲಿ ನಡೆಸಿದ ಕಾಲಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಅದರಲ್ಲಿ ತೊಡಗುವ ಪುರುಷರು 88 ನಿಮಿಷ. 15ರಿಂದ 59 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ಪಾಲ್ಗೊಂಡರೆ, ಪುರುಷರಲ್ಲಿ ಈ ಪ್ರಮಾಣ ಶೇಕಡ 21.4.

ಈ ಅಂಕಿಗಳನ್ನು ನಮ್ಮ ಪುಣೆಯ ತಾಯಿಗೆ ಅನ್ವಯಿಸಿ ನೋಡಿ. ನಾಲ್ಕು ದಿನಗಳ ವಾರದಲ್ಲಿ ಆಕೆ 14 ಗಂಟೆ ಮನೆಯ ಹೊರಗಿರುತ್ತಾಳೆ. ಉಳಿದ 10 ಗಂಟೆಯಲ್ಲಿ ಸುಮಾರು 5 ಗಂಟೆ ಮನೆಗೆಲಸಕ್ಕೆ ಹೋದರೆ, ನಿದ್ರೆ, ಸ್ನಾನ, ಊಟಗಳಿಗೆಲ್ಲ ಉಳಿಯುವುದು ಇನ್ನೈದೇ ಗಂಟೆ. ಮನೆಗೆಲಸದಲ್ಲಿ ಅರ್ಧವನ್ನು ಪತಿ ವಹಿಸಿಕೊಂಡರೆ ಅದು ಏಳೂವರೆ ಗಂಟೆಯಾಗುತ್ತದೆ. ಅರ್ಧವನ್ನು ಬಿಡುವಿನ ದಿನಗಳಿಗೆ ಮುಂದೂಡಿದರೂ ಅಷ್ಟೇ ಉಳಿಯಬಹುದು; ಆದರೆ ಆಗ ಮಗುವಿಗೆಂದು ಪಡೆದ ಮೂರು ದಿನಗಳು ಬಟ್ಟೆ, ಪಾತ್ರೆ, ದಿನಸಿಗಳ ಪಾಲಾಗುತ್ತವೆ. ಮನೆಯೊಳಗಿನ ಹಂಚಿಕೆ ಬದಲಾಗದೆ ಕಚೇರಿಯ ವೇಳಾಪಟ್ಟಿ ಮಾತ್ರ ಬದಲಾದರೆ, ಬಿಡುವಿನ ದಿನವೆಂಬುದು ಹೆಸರಿಗಷ್ಟೇ ಬಿಡುವಾಗುತ್ತದೆ. ಸಾಧ್ಯವಿದ್ದಲ್ಲಿ ತಾಯಿತಂದೆಗಳಿಬ್ಬರೂ ಒಂದೇ ದಿನಗಳಂದು ದೀರ್ಘ ಪಾಳಿ ಮಾಡದಿರುವುದು ಲೇಸು. ಒಬ್ಬರು ತಡವಾಗಿ ಬರುವ ದಿನ ಮತ್ತೊಬ್ಬರು ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು.

ಕಾನೂನು ನೀಡಿರುವ ಆಸರೆ

ಎಳೆಯ ಮಕ್ಕಳ ದಿನವನ್ನು ಕಾಪಾಡುವ ಕೆಲವು ಸೌಲಭ್ಯಗಳನ್ನು ಓದುಗರು ತಿಳಿದಿರಬೇಕು.

ಹೆರಿಗೆ ರಜೆಯನ್ನು 2017ರಲ್ಲಿ, ಮೊದಲ ಎರಡು ಮಕ್ಕಳಿಗೆ ಅನ್ವಯಿಸುವಂತೆ, 26 ವಾರಗಳಿಗೆ ಏರಿಸಲಾಯಿತು. ಈ ಸೌಲಭ್ಯವು ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ರಜೆ ಮುಗಿದ ಮೇಲೆ, ಕೆಲಸದ ಸ್ವರೂಪ ಅನುಮತಿಸುವಲ್ಲಿ, ಮಾಲೀಕರೊಡನೆ ಒಪ್ಪಂದ ಮಾಡಿಕೊಂಡು ಮನೆಯಿಂದಲೇ ಕೆಲಸ ಮಾಡಲೂ ಅವಕಾಶವುಂಟು. ಮಗುವಿಗೆ 15 ತಿಂಗಳು ತುಂಬುವವರೆಗೆ, ಸಾಮಾನ್ಯ ವಿರಾಮವಲ್ಲದೆ, ಹಾಲೂಡಿಸಲು ದಿನಕ್ಕೆ ಎರಡು ವಿರಾಮಗಳನ್ನು ಕೊಡಬೇಕು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರದ ಸೌಲಭ್ಯವಿರಬೇಕು. ತಾಯಿಯು ವಿರಾಮದ ವೇಳೆಯೂ ಸೇರಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು. ಹಾಲೂಡಿಸುವ ವಿರಾಮ ಮತ್ತು ಈ ಭೇಟಿಗಳ ವಿಧಿಗಳು ದಿನಕ್ಕೆ ಇಷ್ಟು ಎಂದೇ ಹೇಳುತ್ತವೆ; ವಾರಕ್ಕೆ ಇಷ್ಟು ಎಂದಲ್ಲ.

ಸಂಜೆ 7ರ ನಂತರ ಮತ್ತು ಬೆಳಿಗ್ಗೆ 6ಕ್ಕೆ ಮೊದಲು ಮಹಿಳೆಯರನ್ನು ಅವರ ಒಪ್ಪಿಗೆಯಿಲ್ಲದೆ ದುಡಿಸುವಂತಿಲ್ಲ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗಿನ ಪಾಳಿಯ ಕೊನೆಯ ಗಂಟೆ ಈ ನಿಯಮದ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಮರೆಯಬಾರದು. ಹೆಚ್ಚುವರಿ ಕೆಲಸಕ್ಕೂ ಕಾರ್ಮಿಕರ ಒಪ್ಪಿಗೆ ಬೇಕು. ಅದಕ್ಕೆ ವೇತನದ ದರ ಇಮ್ಮಡಿ.

ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ, ಹಾಗೂ ಒಂಟಿಯಾಗಿ ಮಕ್ಕಳನ್ನು ಸಾಕುವ ಪುರುಷ ನೌಕರರಿಗೆ, ಇಡೀ ಸೇವಾವಧಿಯಲ್ಲಿ ಒಟ್ಟು 730 ದಿನಗಳ ಶಿಶುಪಾಲನಾ ರಜೆಯುಂಟು. ತಂದೆಗೆ 15 ದಿನಗಳ ಪಿತೃತ್ವ ರಜೆಯೂ ಇದೆ.

ಶಿಶುಪಾಲನಾ ಕೇಂದ್ರದ ವೇಳೆಯನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. 2022ರಲ್ಲಿ ಪಾಲನಾ ಎಂಬ ಹೊಸ ಹೆಸರು ಪಡೆದ ರಾಷ್ಟ್ರೀಯ ಶಿಶುಪಾಲನಾ ಯೋಜನೆಯಲ್ಲಿ, ಕೇಂದ್ರಗಳು ದಿನಕ್ಕೆ ಏಳೂವರೆ ಗಂಟೆ ತೆರೆದಿರಬೇಕೆಂದು ಗೊತ್ತುಪಡಿಸಲಾಗಿತ್ತು. ಏಳೂವರೆ ಗಂಟೆಯ ಕೇಂದ್ರಕ್ಕೂ 14 ಗಂಟೆ ಹೊರಗಿರುವ ತಾಯಿಗೂ ನಡುವೆ ಆರೂವರೆ ಗಂಟೆಯ ಕಂದಕವಿದೆ. ಆ ಹೊತ್ತಿನಲ್ಲಿ ಮಗು ಯಾರ ಮಡಿಲಲ್ಲಿರುತ್ತದೆ? ಅಡಕ ವಾರದ ಯಾವ ಯೋಜನೆಯೂ ಈ ಪ್ರಶ್ನೆಗೆ ಉತ್ತರಿಸದೆ ಪೂರ್ಣವಾಗದು.

ಒಪ್ಪುವ ಮುನ್ನ

ಅಡಕ ವಾರದ ಪ್ರಸ್ತಾಪ ಬಂದಾಗ ಈ ಐದು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು, ಪತಿಪತ್ನಿಯರಿಬ್ಬರೂ ಕುಳಿತು ಉತ್ತರಿಸಿಕೊಳ್ಳಿ.

1. ಪ್ರಯಾಣವೂ ಸೇರಿ ನಾನು ಎಷ್ಟು ಗಂಟೆ ಮನೆಯಿಂದ ಹೊರಗಿರುತ್ತೇನೆ?
2. ಕೆಲಸದ ದಿನ ನನ್ನ ಮಗು ಎಚ್ಚರವಿರುವಾಗ ನಾನು ಅದಕ್ಕೆ ಎಷ್ಟು ಹೊತ್ತು ಸಿಗುತ್ತೇನೆ?
3. ನಾನಿಲ್ಲದ ಹೊತ್ತಿನಲ್ಲಿ ಅದರ ಜೊತೆ ಇರುವವರು ಯಾರು? ಅವರು ದಿನವೂ ಇರಬಲ್ಲರೇ?
4. ಬಿಡುವಿನ ದಿನ ನಿಶ್ಚಿತವೇ, ಅಥವಾ ಕೆಲಸ ಹೆಚ್ಚಾದಾಗ ಅದನ್ನೂ ಕೇಳುತ್ತಾರೆಯೇ?
5. ಈ ಏರ್ಪಾಡು ಹೊಂದದಿದ್ದರೆ ಹಿಂದಿನ ಕ್ರಮಕ್ಕೆ ಮರಳಲು ಅವಕಾಶವಿದೆಯೇ? ಅದು ಬರವಣಿಗೆಯಲ್ಲಿದೆಯೇ?

ಉಪಸಂಹಾರ

ಅಡಕ ವಾರ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಕಾರ್ಖಾನೆಯ ಬಳಿಯಲ್ಲೇ ಮನೆಯಿರುವವರಿಗೆ, ಅಜ್ಜಿಯ ಆಸರೆಯಿರುವವರಿಗೆ, ಮನೆಗೆಲಸವನ್ನು ಸಮನಾಗಿ ಹಂಚಿಕೊಂಡವರಿಗೆ ಅದು ನಿಜವಾದ ಉಪಕಾರವಾಗಬಹುದು. ಈ ಯಾವುದೂ ಇಲ್ಲದವರಿಗೆ ಅದು ನಾಲ್ಕು ದಿನಗಳ ಅಗಲಿಕೆಯನ್ನು ತಂದೀತು. ನಿರ್ಧಾರ ಅವರವರ ಮನೆಯದು. ಆದರೆ ನಿರ್ಧರಿಸುವಾಗ ವಾರದ ಮೊತ್ತವನ್ನು ಎಣಿಸಿದ ಮೇಲೆ ಮಗುವಿನ ಮಂಗಳವಾರವನ್ನೂ ಒಮ್ಮೆ ಎಣಿಸಿ ನೋಡಬೇಕು.

ಅಭ್ಯಾಸ

ಮೇಲಿನ ಪುಣೆಯ ಕುಟುಂಬದ ಲೆಕ್ಕವನ್ನು ಮಾದರಿಯಾಗಿಟ್ಟುಕೊಂಡು, ನಿಮ್ಮ ಮನೆಯ ಒಂದು ವಾರದ ಲೆಕ್ಕವನ್ನು ಬರೆಯಿರಿ. ತಾಯಿಗೊಂದು, ತಂದೆಗೊಂದು ಸಾಲು ಇರಲಿ. ಯಾವ ದಿನದಂದು ಎರಡೂ ಸಾಲುಗಳಲ್ಲಿ ಸೊನ್ನೆ ಬರುತ್ತದೆಯೋ, ಮೊದಲು ಬದಲಾಯಿಸಬೇಕಾದ ದಿನ ಅದು.